ಫಕೀರೇಶನ ಕೈಗೆ ಸಿಗದ ತಲೆ

“ತಲಿ ಒಂದು ಕೈಗೆ ಕೊಡ್ರಿ, ಮನಿಶಾ ಎಂಥಾವ ಅಂತ ಹೇಳ್ತೀನಿ. ಮೂವತ್ತು ವರ್ಷದಾಗ ಒಂದು ತಲಿನೂ ತಪ್ಪಿಲ್ಲ!”

ಇದು ಮೊರಬದ ಬಸ್ ನಿಲ್ದಾಣದ ಎದುರು, ಮನೆಯ ಮುಂದಿನ ಖೋಲಿಯಲ್ಲೇ ಕಟಿಂಗ್ ಶಾಪ್ ಇಟ್ಟಿರುವ ಫಕೀರೇಶ ಹಡಪದನ ಮಾತು. ಅವನ ಅಜ್ಜ ಒಬ್ಬ ವೈದ್ಯರ ಮನೆಗೆ ಕ್ಷೌರಕ್ಕೆ ಹೋಗುತ್ತಿದ್ದಾಗ ಕಿವಿಗೆ ಬಿದ್ದ ಆಯುರ್ವೇದ, ಎರಡು ತಲೆಮಾರು ದಾಟಿ ಇವನ ಬೆರಳಿಗೆ ಇಳಿದಿದೆ. ಕೂದಲು ಒಣಗಿ, ಒರಟಾಗಿ, ತುದಿ ಸೀಳಿದ್ದರೆ ವಾತ: ಗಾಳಿಯ ಗುಣ, ಕಾಲು ಒಂದು ಕಡೆ, ಮನಸ್ಸು ಇನ್ನೊಂದು ಕಡೆ, ನಿದ್ದೆ ತೆಳು. ಕೂದಲು ತೆಳ್ಳಗಿದ್ದು ಬೇಗ ನರೆತು ಉದುರಿದರೆ ಪಿತ್ತ: ಬೆಂಕಿಯ ಗುಣ, ಹಸಿವು ಜೋರು, ಸಿಟ್ಟು ಅದಕ್ಕಿಂತ ಜೋರು. ಬಾಚಣಿಕೆ ಮುರಿಯುವಷ್ಟು ದಟ್ಟ, ಜಿಡ್ಡು ಜಿಡ್ಡು ಇದ್ದರೆ ಕಫ: ನೀರು ಮತ್ತು ಮಣ್ಣಿನ ಗುಣ, ತಣ್ಣನೆಯ ಮನುಷ್ಯ, ಕೂತರೆ ಬೇಗ ಏಳುವವನಲ್ಲ. “ಮೂರೂ ಎಲ್ಲಾರೊಳಗೂ ಇರ್ತಾವರಿ, ಯಾವುದು ಮುಂದ ನಿಂತೈತಿ ಅನ್ನೂದಷ್ಟ ನೋಡೂದು” ಎನ್ನುತ್ತಾನೆ.

ಒಮ್ಮೆ ಗಿರಾಕಿಯೊಬ್ಬನ ಟೊಪ್ಪಿಗೆ ಮುಟ್ಟಿಯೇ “ನಿಮಗ ಎದಿ ಉರೀತೈತಿ” ಎಂದನಂತೆ. ಅವನು ಇಲ್ಲವೆಂದ. ವಿಚಾರಿಸಿದರೆ ಟೊಪ್ಪಿಗೆ ಅವನ ಭಾವನದು. ಭಾವನಿಗೆ ಫೋನು ಹಚ್ಚಿದರೆ ಆತ ಎದೆ ಹಿಡಿದುಕೊಂಡೇ “ಹಲೋ” ಅಂದನಂತೆ. ನಾನು ಕಂಡಿಲ್ಲ. ಆದರೆ ನೋಡಿದವರಿಗಿಂತ ಚೆನ್ನಾಗಿ ಹೇಳುತ್ತೇನೆ.

ಇಷ್ಟೆಲ್ಲ ಬಲ್ಲ ಫಕೀರೇಶ ತಾನು ಮಾತ್ರ ಒಂದು ಕಡೆ ನಿಂತವನಲ್ಲ. ಒಂದು ಕಟಿಂಗ್ ಮುಗಿಯುವುದರೊಳಗೆ ಮೂರು ಸಲ ಹೊರಗೆ ಹೋಗಿ ಬಸ್ಸು ನೋಡುತ್ತಾನೆ, ಟಿವಿ ಬದಲಿಸುತ್ತಾನೆ, ನಡುವೆ ಇನ್ನೊಬ್ಬನ ಗಡ್ಡಕ್ಕೆ ಸಾಬೂನು ಹಚ್ಚಿ ಮರೆತುಬಿಡುತ್ತಾನೆ. ನನ್ನ ಅರ್ಧ ಮೀಸೆ ತೆಗೆದು “ಬಂದೆರಿ” ಎಂದು ಹೋದವನು ನವಲಗುಂದದಿಂದ ಸಂಜೆಯ ಬಸ್ಸಿಗೆ ಬಂದದ್ದುಂಟು. ಅಷ್ಟರಲ್ಲಿ ನಾನು ಅರ್ಧ ಮೀಸೆಯಲ್ಲೇ ಒಂದು ಮದುವೆ ಉಂಡು ಬಂದಿದ್ದೆ.

ವಾತದ ಮನುಷ್ಯ ಎನ್ನಲು ಇನ್ನೇನು ಬೇಕು? ಆದರೆ ಅವನೆದುರು ಹಾಗೆ ಅನ್ನುವಂತಿಲ್ಲ. ಅವನಪ್ಪ ಖಡಕ್ ಆಸಾಮಿ. ಅವನು ಬಾಗಿಲಲ್ಲಿ ನಿಂತು ಕೂಗಿದರೆ ಹುಬ್ಬಳ್ಳಿ ಬಸ್ಸು ಐದು ನಿಮಿಷ ಮುಂಚೆ ಬಿಡುತ್ತಿತ್ತು. ನಮ್ಮ ಕಡೆ ಖಡಕ್ ಎನ್ನಿಸಿಕೊಳ್ಳುವುದು ಒಂದು ಪದವಿ. “ನಮ್ಮದು ಪಿತ್ತದ ಮನಿತನರಿ” ಎಂದು ಫಕೀರೇಶ ಎದೆ ಉಬ್ಬಿಸುತ್ತಿದ್ದ. ಗಾಳಿಯ ಮನುಷ್ಯ ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ಈ ವರ್ಷ ಚಳಿ ಮುಗಿದು ಒಣಗಾಳಿ ಎದ್ದ ಹೊತ್ತಿಗೆ ಅವನ ನಿದ್ದೆ ಹಾರಿತು. ಕೈ ಸಣ್ಣಗೆ ನಡುಗತೊಡಗಿತು. “ಪಿತ್ತ ಏರೈತಿ” ಎಂದು ತಾನೇ ತೀರ್ಪು ಕೊಟ್ಟುಕೊಂಡು ತಂಪಿಗೆ ನಿಂತ. ತಣ್ಣೀರ ಸ್ನಾನ, ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಹಸಿ ಸೌತೆಕಾಯಿ, ಸಂಜೆ ಒಣ ಚುರಮುರಿ. ಬಿಸಿ ಊಟ, ಎಣ್ಣೆ ಬಂದ್. ಫ್ಯಾನು ಐದರ ಮೇಲೆ. ತಂಪು ಹೆಚ್ಚಿದಷ್ಟೂ ನಡುಕ ಹೆಚ್ಚಿತು. ಅವನ ಕೈಯಲ್ಲಿ ಕತ್ತರಿ ತಾನಾಗಿಯೇ ಕಚಕಚ ಅನ್ನುತ್ತಿತ್ತು. ಗಿರಾಕಿಗಳು ಕುರ್ಚಿಯ ಕೈ ಗಟ್ಟಿ ಹಿಡಿದು ಕೂತು, ಇಳಿಯುವಾಗ ಮನೆದೇವರಿಗೆ ಕೈ ಮುಗಿಯುತ್ತಿದ್ದರು.

ಒಂದು ರವಿವಾರ ಊರ ಹಿರಿಯ ರಾಮಪ್ಪ ಗಡ್ಡಕ್ಕೆ ಬಂದ. ಅವನ ಮೊಮ್ಮಗನ ಜವಳ, ಅಂದರೆ ಕೂಸಿನ ಮೊದಲ ಕೂದಲು ತೆಗೆಯುವ ಕಾರ್ಯ, ಹತ್ತು ದಿನಕ್ಕೆ ಬಂದಿತ್ತು. ಆ ಮನೆಯ ಕೂಸುಗಳ ತಲೆಗೆ ಕತ್ತಿ ಇಡುವುದು ಫಕೀರೇಶನ ಅಜ್ಜನ ಕಾಲದಿಂದ ಇವರದೇ ಹಕ್ಕು. ಅಲ್ಲಿ ಬೇರೆಯವರ ಕೈ ಬಿದ್ದರೆ ಊರಿನಲ್ಲಿ ಇವನ ಕಸಬು ಮುಗಿದಂತೆಯೇ. ಅಂಥ ರಾಮಪ್ಪನ ಗದ್ದಕ್ಕೇ ಕತ್ತಿ ತಾಗಿ ರಕ್ತ ಬಂತು.

“ಲೇ ಫಕೀರಾ, ಇದು ಗದ್ದ ಐತೋ, ಬದನಿಕಾಯಿ ಐತೋ?”

“ಕಣ್ಣಾಗ ಧೂಳಿ ಬಿತ್ತರಿ ಯಜಮಾನ್ರ.”

“ಧೂಳಿ ಕಣ್ಣಾಗ ಬಿದ್ರ ಕೈ ಯಾಕ ನಡಗ್ತೈತಲೇ?” ಪಟಿಕದ ಹರಳನ್ನು ತಾನೇ ತೆಗೆದು ಗಾಯಕ್ಕೆ ಒತ್ತಿಕೊಂಡ ರಾಮಪ್ಪ. “ಬರೂ ರವಿವಾರ ಮತ್ತ ಬಂದು ಕುಂದ್ರತೀನಿ. ಒಂದು ಹನಿ ರಕ್ತ ಬರಲಿಲ್ಲಂದ್ರ ಬುಧವಾರ ಕೂಸು ನಿನ್ನ ಕೈಯಾಗ. ಬಂತಂದ್ರ ಅಣ್ಣಿಗೇರಿಯಿಂದ ಬ್ಯಾರೆಯವನ್ನ ಕರಸ್ತೀನಿ. ಸಿಟ್ಟ ಮಾಡ್ಕೋಬ್ಯಾಡ, ಕೂಸಿನ ನೆತ್ತಿ ಅದು.”

ಮರುದಿನ ಗಿರಾಕಿ ಬಾರದ ಸೋಮವಾರ. ಕ್ಷೌರದವನು ತನ್ನ ತಲೆ ತಾನು ಕತ್ತರಿಸಿಕೊಳ್ಳಲಾರ. ಹಾಗಾಗಿ ಶಲವಡಿಯಲ್ಲಿ ಅದೇ ಕಸಬು ಮಾಡುವ ತಮ್ಮ ತಿಂಗಳಿಗೊಮ್ಮೆ ಬಂದು ಅಣ್ಣನ ಕಟಿಂಗ್ ಮಾಡಿ, ತನ್ನದೂ ಮಾಡಿಸಿಕೊಂಡು ಹೋಗುತ್ತಾನೆ. ಅಂದೂ ಮುಂಜಾನೆ ಬಂದು ಹೋಗಿದ್ದ. ಮಧ್ಯಾಹ್ನ ನಾನು ಅಂಗಡಿಯಲ್ಲಿ ಪೇಪರ್ ಓದುತ್ತಿದ್ದೆ. ಫಕೀರೇಶ ಬಾಗಿಲಿಗೂ ಕನ್ನಡಿಗೂ ನಡುವೆ ನಡೆದು ನಡೆದು ನೆಲ ಸವೆಸುತ್ತಿದ್ದ. ಅವನ ಹೆಂಡತಿ ಮಾದೇವಿ ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದು ಮುಂದೆ ಹಿಡಿದಳು.

“ಒಬ್ಬಾಕಿ ತನ್ನ ಗಂಡನ ಕೂದಲಾ ತಂದಾಳ. ಆಂವಾ ತೋರಿಸ್ಕೋಳಾಕ ಒಲ್ಲೆ ಅಂತಾನಂತ. ನೋಡಿ ಹೇಳ್ರಿ.”

ಫಕೀರೇಶನ ಮುಖ ಅರಳಿತು. ಕೂದಲನ್ನು ಬೆರಳಲ್ಲಿ ತಿಕ್ಕಿದ, ಬೆಳಕಿಗೆ ಹಿಡಿದ, ಕಿವಿಯ ಹತ್ತಿರ ಒಯ್ದು ಸಪ್ಪಳ ಕೇಳಿದ.

“ವಾತ! ಅಗದಿ ಒಣಾ ವಾತ! ಇಂವಗ ನಿದ್ದಿಲ್ಲ. ಒಂದು ಕಡೆ ಕುಂದ್ರಾಂಗಿಲ್ಲ. ಕೈ ನಡಗತಿರಬೇಕು.”

“ತಂಪು ಭಾಳ ತಗೋತಾನಂತ.”

“ಹುಚ್ಚಪ್ಯಾಲಿ ಅದಾನೇನು? ಗಾಳಿಗೆ ತಂಪು ಕೊಟ್ರ ಬಿರುಗಾಳಿ ಆಗ್ತೈತಿ! ಬಿಸಿ ಎಳ್ಳೆಣ್ಣಿ ನೆತ್ತಿಗೂ ಅಂಗಾಲಿಗೂ ತಿಕ್ಕಬೇಕು. ಬಿಸಿನೀರು, ಬಿಸಿ ಅನ್ನ, ಮ್ಯಾಲೆ ತುಪ್ಪ, ಹೊತ್ತಿಗೆ ಸರಿಯಾಗಿ. ಇವನ ಹೇಣ್ತಿ ಏನ ಮಾಡಾಕತ್ತಾಳ?”

“ಹೇಳಿ ಹೇಳಿ ಸಾಕಾಗ್ಯಾಳ್ರಿ.”

“ಯಾರದು ಈ ತಲಿ?”

“ಮುಂಜಾನೆ ಶಲವಡಿ ತಮ್ಮ ಈ ಕುರ್ಚಿಮ್ಯಾಲೆ ಯಾರ ತಲಿ ಕತ್ತರಿಸಿದಾ?”

ಫಕೀರೇಶನ ಕೈ ಮೆಲ್ಲಗೆ ತನ್ನ ತಲೆಗೆ ಹೋಯಿತು. ಟಿವಿಯಲ್ಲಿ ಯಾರೋ ಜಗಳ ಮಾಡುತ್ತಿದ್ದರು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಅದು ತಲೆಕೆಳಗಾಗಿತ್ತು ಎಂದು ಆಮೇಲೆ ತಿಳಿಯಿತು.

“ನಮ್ಮದು ಪಿತ್ತದ...” ಎಂದು ಶುರು ಮಾಡಿದ.

“ಅದು ನಿಮ್ಮಪ್ಪಂದು” ಎಂದಳು ಮಾದೇವಿ. “ನಿಮ್ಮದು ಈ ಪೊಟ್ಟಣದಾಗ ಐತಿ. ಕುಂದ್ರರಿ, ಎಣ್ಣಿ ಕಾಯ್ದೈತಿ.”

ಮೊದಲ ದಿನ ಸುರಿದ ಎಣ್ಣೆ ಎರೆ ನೆಲಕ್ಕೆ ಬಿದ್ದ ಮೊದಲ ಮಳೆಯಂತೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಾವು ಲೀಟರ್ ಮುಗಿದರೂ ಒಂದು ಹನಿ ಕಿವಿಗೆ ಇಳಿಯಲಿಲ್ಲ. ಎಣ್ಣೆ, ತುಪ್ಪ ಸುಲಭ. ಕೂರುವುದೇ ಕಷ್ಟ. ತಿಕ್ಕಿಸಿಕೊಂಡು ಅರ್ಧ ತಾಸು ಸುಮ್ಮನೆ ಕೂರಬೇಕೆಂದರೆ ಏಳೆಂಟು ಸಲ ಎದ್ದ. ಬಸ್ಸಿನ ಹಾರನ್ ಕೇಳಿದರೆ ಎಣ್ಣೆ ಸುರಿಸುತ್ತಲೇ ಬಾಗಿಲಿಗೆ ಓಡಿದ. ಮೂರನೆಯ ದಿನ ಮಾದೇವಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಐದನೆಯ ದಿನ ಅವನು ಕೂತಲ್ಲೇ ಗೊರಕೆ ಹೊಡೆದ. ಹುಬ್ಬಳ್ಳಿ ಬಸ್ಸಿನ ಡ್ರೈವರ್ ಇಂಜಿನ್ ಕೆಟ್ಟಿತೆಂದು ಇಳಿದು ನೋಡಿದ.

ಆದರೂ ರವಿವಾರ ಕತ್ತಿ ಹಿಡಿದಾಗ ಬೆರಳಿನ ತುದಿಯಲ್ಲಿ ಸಣ್ಣ ನಡುಕ ಉಳಿದಿತ್ತು. ಅದು ನನಗೂ ಕಂಡಿತು, ರಾಮಪ್ಪನಿಗೂ ಕಂಡಿತು. ರಾಮಪ್ಪ ಕಣ್ಣು ಮುಚ್ಚಿದ. ಫಕೀರೇಶ ಕೈ ಹಿಂದಕ್ಕೆ ತೆಗೆದು, ಉಸಿರು ಎಳೆದು, ನಿಂತ. ಅವನು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ಕತ್ತಿ ಇಟ್ಟ. ಮುಗಿದ ಮೇಲೆ ರಾಮಪ್ಪ ಬಿಳಿ ಟವೆಲ್‌ನಿಂದ ಗದ್ದ ಒರೆಸಿ, ಟವೆಲನ್ನು ಹಿಂದೆ ಮುಂದೆ ತಿರುವಿ ನೋಡಿದ.

“ಬುಧವಾರ ಹತ್ತಕ್ಕ ಬಾ. ತಡಾ ಮಾಡಬ್ಯಾಡ.”

ಬುಧವಾರ ಕೂಸು ಸೋದರಮಾವ ಪ್ರತಾಪನ ತೊಡೆಯ ಮೇಲೆ ಹಾವುಮೀನಿನಂತೆ ಹೊರಳಾಡಿತು. ನವಲಗುಂದಕ್ಕೆ ಕೇಳುವಂತೆ ಕಿರುಚಿತು. ಮಾವನ ಕೈ ನಡುಗಿತು, ಅಜ್ಜನ ಕೈ ನಡುಗಿತು, ಏನೂ ಕೆಲಸವಿಲ್ಲದ ನನ್ನ ಕೈಯೂ ನಡುಗಿತು. ಫಕೀರೇಶನದು ನಡುಗಲಿಲ್ಲ. ಕೂಸಿನ ನೆತ್ತಿ ಒಂದು ಗೀರಿಲ್ಲದೆ ತಾಮ್ರದ ತಂಬಿಗೆಯಂತೆ ಹೊಳೆಯಿತು. ರಾಮಪ್ಪ ಅವನನ್ನು ಮೊದಲ ಪಂಕ್ತಿಯಲ್ಲೇ ತನ್ನ ಬಾಜೂಕ ಕೂರಿಸಿಕೊಂಡು ಹೋಳಿಗೆಗೆ ತಾನೇ ತುಪ್ಪ ಸುರಿದ.

ಕತ್ತಿ, ಕತ್ತರಿ ಕಟ್ಟಿಕೊಂಡು ಹೊರಟವನನ್ನು ಕೆಣಕದೆ ಬಿಡಲು ನನಗೆ ಆಗಲಿಲ್ಲ.

“ಏನೋ ಫಕೀರೇಶ, ನಿನ್ನ ತಲಿನ ನಿನಗ ತಿಳೀಲಿಲ್ಲ. ಹತ್ತು ವರ್ಷದಿಂದ ನನಗ ಕಫ, ಕಫ ಅಂತ ಹೇಳ್ಕೋತ ಬಂದಿ. ಅದನ್ನ ಇನ್ನ ಹೆಂಗ ನಂಬಲಿ?”

ಅವನು ಅಂಗಳವನ್ನು ಒಮ್ಮೆ ಸುತ್ತ ನೋಡಿದ. ನಂತರ ನನ್ನನ್ನು ನೋಡಿದ.

“ನಂಬಬ್ಯಾಡ್ರಿ ಕಾಕಾ. ಜವಳ ಮುಗೀತು, ಮೂರು ಪಂಕ್ತಿ ಊಟ ಮುಗೀತು, ಎಲಿ ತಗದ್ರು, ಚಾಪಿ ಸುತ್ತಿದ್ರು. ನಿಮ್ಮ ಒಂದು ಚಾಪಿ ಸಲುವಾಗಿ ಆ ಹೆಣ್ಣಮಗಳು ಕಸಬರಗಿ ಹಿಡಕೊಂಡು ತಾಸಾತು ನಿಂತಾಳ. ಇದು ಕಫ ಅಲ್ಲಂದ್ರ ಮತ್ತೇನ್ರಿ? ಏಳ್ರಿ!”