ಕಾಶೀಬಾಯಿಯ ಹೊಲದ ಬೈಪಾಸ್

1998ನೆಯ ಇಸವಿ ಎಂದು ಬರೆದು, ಹೊಡೆದುಹಾಕಿ, 1999 ಎಂದು ಬರೆದೆ. ಈಗ ಅದನ್ನೂ ಹೊಡೆದಿದ್ದೇನೆ. ತೊಂಬತ್ತರ ದಶಕ ಮುಗಿಯುತ್ತಿತ್ತು, ನಾನು ಇಂಡಿಯಲ್ಲಿ ರಸ್ತೆ ಕಾಮಗಾರಿಗಳ ಸಹಾಯಕ ಇಂಜಿನಿಯರ್ ಆಗಿದ್ದೆ ಎಂಬುದಷ್ಟೇ ಖಚಿತ. ನಿವೃತ್ತರು ತಮ್ಮ ಅನುಭವಗಳನ್ನು ಸಾಲಾಗಿ ಜೋಡಿಸಿ ಹೇಳುತ್ತಾರೆ. ನನಗೆ ಆ ಸಾಲಿನ ಮೇಲೆ ನಂಬಿಕೆಯಿಲ್ಲ. ಆದರೂ ಓದುವವರು ದಾರಿ ತಪ್ಪಬಾರದೆಂದು ಕ್ರಮವಾಗಿಯೇ ಹೇಳುತ್ತೇನೆ.

ಸಿಂದಗಿಯಿಂದ ತಾಂಬಾ ಹಾದು ಇಂಡಿಗೆ ಬಂದು, ಅಲ್ಲಿಂದ ಉತ್ತರಕ್ಕೆ ಸೋಲಾಪುರದ ಕಡೆ ಹೋಗುವ ರಸ್ತೆಯನ್ನು ಮೇಲ್ದರ್ಜೆಗೆ ಏರಿಸುವ ಮಾತು ಆಗ ಹುಟ್ಟಿತು. ಪಂಢರಪುರಕ್ಕೆ ಹೊರಟ ಜೀಪುಗಳು, ಸರಕಿನ ಲಾರಿಗಳು ತಾಂಬಾದ ಬಜಾರಿನಲ್ಲಿ ಎತ್ತಿನ ಬಂಡಿಗಳ ಹಿಂದೆ ನಿಂತು ಹಾರ್ನ್ ಹೊಡೆಯುತ್ತಿದ್ದವು. ನಮ್ಮ ಮುಂದೆ ಎರಡು ದಾರಿಗಳಿದ್ದವು. ಬಜಾರಿನ ಎರಡೂ ಬದಿಯ ಅಂಗಡಿಗಳ ಮುಂಭಾಗ ಒಡೆದು ರಸ್ತೆ ಅಗಲ ಮಾಡುವುದು ಒಂದು. ಊರ ಹೊರಗೆ ಹೊಲಗಳ ನಡುವೆ ಬೈಪಾಸ್ ತೆಗೆಯುವುದು ಇನ್ನೊಂದು. ಯಾವುದೆಂದು ತೀರ್ಮಾನವಾಗುವ ಮೊದಲು ಎರಡರ ಅಲೈನ್‌ಮೆಂಟನ್ನೂ, ಅಂದರೆ ರಸ್ತೆ ಸಾಗಬೇಕಾದ ಗೆರೆಯನ್ನು, ನೆಲದ ಮೇಲೆ ಗುರುತು ಮಾಡಿ ಹೋಲಿಸಬೇಕಿತ್ತು.

ಊರಿನ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಮೊದಲು ಎದ್ದವರು ಬಟ್ಟೆ ಅಂಗಡಿಯ ಹಸನಸಾಬರು.

“ನಮ್ಮ ಮುತ್ಯಾನ ಕಾಲದ ಅಂಗಡಿ ಐತ್ರಿ ಸಾಹೇಬ್ರ. ಪಂಢರಪುರಕ್ಕ ಹೋಗಾವ್ರಿಗೆ ಅರ್ಧಾ ತಾಸು ಉಳಿಸಾಕ ನಾ ನನ್ನ ಬಾಗಲಾ ಕೊಡಬೇಕೇನ್ರಿ? ವಿಠೋಬ ಇಟ್ಟಂಗಿ ಮ್ಯಾಲ ನಿಂತಾನ, ಎಲ್ಲೂ ಓಡಿ ಹೋಗಂಗಿಲ್ಲ.”

ಸಭೆ ನಕ್ಕಿತು. ಬೈಪಾಸ್ ಗೆರೆ ಬೀಳುವ ಕಡೆ ಹೊಲವಿದ್ದ ಶರಣಪ್ಪ ನಗಲಿಲ್ಲ.

“ನಿಮ್ಮ ಬಾಗಲಾ ಉಳಿಸಾಕ ನಾವು ಹೊಲಾ ಕೊಡೂಣೇನು ಹಸನಸಾಬ್ರ? ಬಾಗಲಾ ಮತ್ತ ಕಟ್ಟಬಹುದು. ಇಂಥಾ ಕರಿ ಮಣ್ಣಿನ ಎರಿ ಹೊಲಾ ಯಾವ ಬಜಾರದಾಗ ಸಿಗತೈತಿ, ನೀವ ಹೇಳ್ರಿ.”

ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಶರಣಪ್ಪನ ತೀರಿಹೋದ ಅಣ್ಣನ ಹೆಂಡತಿ ಕಾಶೀಬಾಯಿ. ಬಸ್‌ ನಿಲ್ದಾಣದ ಎದುರು ಬಾಡಿಗೆ ಜಾಗದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಲಾರಿಯವರು ಅವಳ ರೊಟ್ಟಿಗೆಂದೇ ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಶರಣಪ್ಪನ ಹೊಲದ ಪಕ್ಕದಲ್ಲೇ ಅವಳ ಪಾಲಿನ ತುಂಡೂ ಇತ್ತು.

“ರಸ್ತಾ ಅಗಲಾದ್ರ ನನ್ನ ಖಾನಾವಳಿ ಹೋಗತೈತಿ. ಊರ ಹೊರಗ ಹೋದ್ರ ಉಣ್ಣಾವ್ರ ಹೋಗ್ತಾರ. ನೀವು ಗಂಡಸ್ರು ಜಗಳಾಡ್ರಿ. ನಾ ಎಲ್ಲಿ ಒಲಿ ಹಚ್ಚಲಿ, ಅಷ್ಟ ಹೇಳ್ರಿ.”

ಸಭೆಯ ಟಿಪ್ಪಣಿಯಲ್ಲಿ ಆ ಪ್ರಶ್ನೆ ಬಂದಿತೋ ಇಲ್ಲವೋ, ನನಗೆ ಗೊತ್ತಿಲ್ಲ.

ಬಜಾರಿನ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದೆವು. ಹೊಲಗಳಲ್ಲಿ ವಾಡಿಕೆಯಂತೆ ಮರದ ಗೂಟ ಹೊಡೆದೆವು. ಒಂದು ವಾರದಲ್ಲಿ ಗೂಟಗಳೆಲ್ಲ ಯಾರ್ಯಾರದೋ ಒಲೆ ಸೇರಿದವು. ಆಮೇಲೆ ಗೂಟದ ಬದಲು ಕಲ್ಲು ನೆಡಿಸಿದೆವು. ನೇರ ದಾರಿಯಲ್ಲಿ ಕಲ್ಲುಗಳು ದೂರದೂರ ಇರುತ್ತವೆ. ತಿರುವಿನಲ್ಲಿ ಹತ್ತಿರ ಹತ್ತಿರ ನೆಡಬೇಕು. ಬೈಪಾಸಿನ ತಿರುವು ಕಾಶೀಬಾಯಿಯ ತುಂಡಿನಲ್ಲಿ ಬಿತ್ತು. ಅಲ್ಲಿ ಐದು ಕಲ್ಲು ನೆಟ್ಟರು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಾನು ಮುದ್ದೇಬಿಹಾಳ ತಾಲೂಕಿನವನು, ಹಬ್ಬಕ್ಕೆ ಊರಿಗೆ ಹೋದೆ. ಅಂದು ನಮ್ಮ ಸೀಮೆಯ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಬಳಿದು ಪೂಜಿಸಿ, ಬೆಳೆಯ ಮೇಲೆ ನೈವೇದ್ಯದ ಅಡುಗೆಯನ್ನು ಚರಗವೆಂದು ಚೆಲ್ಲಿ ಉಂಡು ಬರುತ್ತಾರೆ. ನಾನೂ ನಮ್ಮ ಹೊಲದಲ್ಲಿ ಅದನ್ನೇ ಮಾಡಿದೆ. ತಾಂಬಾದಲ್ಲಿ ನೆಟ್ಟ ಕಲ್ಲುಗಳ ನೆನಪು ಒಮ್ಮೆಯೂ ಸುಳಿಯಲಿಲ್ಲ.

ಹಬ್ಬ ಮುಗಿಸಿ ತಾಂಬಾಕ್ಕೆ ಹೋದಾಗ ಆ ಐದೂ ಕಲ್ಲುಗಳಿಗೆ ಸುಣ್ಣದ ಪಟ್ಟೆ, ಕುಂಕುಮ ಬಿದ್ದಿದ್ದವು. ಮುಂದೆ ಸಜ್ಜೆ ಕಡುಬಿನ ಚೂರುಗಳು. ಕಾಶೀಬಾಯಿ ಅಲ್ಲೇ ನೆಲ ಸಮ ಮಾಡಿಸುತ್ತಿದ್ದಳು.

“ಯಕ್ಕಾ, ಇವು ಬರೇ ಗುರ್ತಿನ ಕಲ್ಲು,” ಎಂದೆ. “ಬಜಾರದಾಗೂ ಗುರ್ತು ಹಾಕೇವಿ. ಯಾವ ರಸ್ತಾ ಆಗತೈತೋ ಇನ್ನೂ ನಿಕ್ಕಿ ಇಲ್ಲ.”

“ಬಜಾರದಾಗ ಬಣ್ಣಾ ಹಚ್ಚೀರಿ, ಅಳಿಸಿ ಹೋಗತೈತಿ. ನನ್ನ ಹೊಲದಾಗ ಕಲ್ಲ ನೆಟ್ಟೀರಿ. ಅದೂ ಐದು, ಅಮಾಸಿ ಮುಂದ. ಪಾಂಡವರು ತಾವ ನಡಕೋತ ಬಂದಾರ. ಇನ್ನೇನ್ ನಿಕ್ಕಿ ಬೇಕ್ರಿ ನಿಮಗ?”

ಮತ್ತೂ ಹೇಳಿದೆ. ಹೇಳಿದ್ದು ನೆನಪಿದೆ, ಯಾವ ಧ್ವನಿಯಲ್ಲಿ ಹೇಳಿದೆ ಎಂಬುದು ನೆನಪಿಲ್ಲ. ಅವಳು ಬಸ್‌ ನಿಲ್ದಾಣದ ಜಾಗ ಬಿಟ್ಟುಕೊಟ್ಟಳು. ಕಲ್ಲುಗಳ ಪಕ್ಕ ಖಾನಾವಳಿಗೆಂದು ತಗಡಿನ ಶೆಡ್ ಹಾಕಿಸಿದಳು. ಶರಣಪ್ಪ ಬದುವಿನ ಮೇಲೆ ನಿಂತು ಕೂಗಿದ: “ವೈನಿ, ಗಿರಾಕಿ ಯಾರು? ಜ್ವಾಳದಾಗಿನ ಗುಬ್ಬೇನು?”

“ಲಾರಿ ಸಾಲ ಹಚ್ಚಿ ನಿಂತಾಗ ಕುಂಡ್ರಾಕ ಜಾಗಾ ಕೇಳಾಕ ಬರಬ್ಯಾಡ ಮತ್ತ!”

ಅವಳ ದನಿಯಲ್ಲಿ ಖುಷಿಯಿತ್ತು. ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದೆ ಇನ್ನಷ್ಟು ಸಭೆಗಳಾದವು. ಬಜಾರಿನವರು ಬೈಪಾಸ್ ಆಗಲಿ ಎಂದರು, ಹೊಲದವರು ಬಜಾರ್ ಒಡೆಯಿರಿ ಎಂದರು. ಎರಡೂ ಕಡೆಯವರು ಲಾರಿ ತುಂಬಿಕೊಂಡು ಮನವಿ ಕೊಡಲು ಹೋದರು. ಕೊನೆಗೆ ಮೇಲಿನಿಂದ ಪ್ರಸ್ತಾವ ಮರಳಿ ಬಂತು. ಊರವರಲ್ಲಿ ಒಮ್ಮತವಿಲ್ಲ, ಎರಡೂ ಬೇಡ, ಇರುವ ರಸ್ತೆಗೇ ಒಂದು ಪದರ ಡಾಂಬರು ಹಾಕಿ ಮುಗಿಸಿ ಎಂದು. ಹಸನಸಾಬರ ಬಾಗಿಲು ಉಳಿಯಿತು, ಶರಣಪ್ಪನ ಹೊಲ ಉಳಿಯಿತು. ಇಬ್ಬರೂ ತಾವೇ ಗೆದ್ದೆವೆಂದು ಬೇರೆ ಬೇರೆಯಾಗಿ ನನಗೆ ಚಹಾ ಕುಡಿಸಿದರು.

ನೆಟ್ಟ ಕಲ್ಲುಗಳನ್ನು ತೆಗೆಸುವುದು ನಮ್ಮದೇ ಕೆಲಸ. ಆಳುಗಳೊಂದಿಗೆ ಹೋದೆ. ಕಾಶೀಬಾಯಿ ತಡೆಯಲಿಲ್ಲ. ಆಳುಗಳೇ ದೂರದಲ್ಲಿ ಚಪ್ಪಲಿ ಬಿಟ್ಟು ನಿಂತುಬಿಟ್ಟರು.

“ಪೂಜಿ ಆಗೇತ್ರಿ ಸಾಹೇಬ್ರ. ನಾವು ಕೈ ಹಚ್ಚಂಗಿಲ್ಲ. ನೀವ ಕೀಳ್ತೀರಂದ್ರ ಕೀಳ್ರಿ.”

ನಾನೂ ಕೀಳಲಿಲ್ಲ. ಇಲ್ಲಿ ನನ್ನ ನೆನಪು ಎರಡು ಚಿತ್ರ ಕೊಡುತ್ತದೆ. ಒಂದರಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ. ಇನ್ನೊಂದರಲ್ಲಿ ಬೆನ್ನು ತಿರುಗಿಸಿ ಹಿಟ್ಟು ಸಾಣಿಸುತ್ತಿದ್ದಾಳೆ. ಯಾವುದು ನಡೆದದ್ದೋ ಹೇಳಲಾರೆ. ಎರಡರಲ್ಲೂ ಶೆಡ್ಡಿನ ಬಾಗಿಲು ಮಾತ್ರ ರಸ್ತೆ ಬರಬೇಕಿದ್ದ ಕಡೆಗೇ ಇದೆ.

ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಯಾವುದೋ ಕೆಲಸಕ್ಕೆ ಹೊರಟವನು ತಾಂಬಾದಲ್ಲಿ ಊಟಕ್ಕೆ ಇಳಿದೆ. ಬಸ್‌ ನಿಲ್ದಾಣದ ಎದುರಿನ ಖಾನಾವಳಿ ಬೇರೆಯವರ ಹೆಸರಿನಲ್ಲಿ ನಡೆಯುತ್ತಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕಿದವಳು ಕಾಶೀಬಾಯಿ. ತಾನೇ ಖಾನಾವಳಿ ನಡೆಸಿದ್ದ ಜಾಗದಲ್ಲಿ ಈಗ ದಿನಗೂಲಿಗೆ ರೊಟ್ಟಿ ಬಡಿಯುತ್ತಿದ್ದಳು. ಗುರುತು ಹಿಡಿದಳು.

“ಆ ರಸ್ತಾದ್ದು ಏನರೆ ಸುದ್ದಿ ಐತೇನ್ರಿ?”

“ಇಲ್ಲ ಯಕ್ಕಾ.”

“ಆಗ್ಲಿ. ಕೇಳಬೇಕಂತ ಕೇಳಿದೆ. ಉಣ್ರಿ, ಆರಿ ಹೋಗತೈತಿ.”

ಕೆಲಸ ನನಗೆ ಕಲಿಸಿದ್ದು ಇಷ್ಟು. ನಾವು ಎರಡು ದಾರಿಗಳನ್ನು ಹೋಲಿಸುತ್ತ ಕೂತಿರುವಾಗಲೇ ಯಾರೋ ಒಬ್ಬರು ಅದರಲ್ಲೊಂದನ್ನು ನಂಬಿ ಅದರ ಪಕ್ಕ ಬದುಕು ಹೂಡಿರುತ್ತಾರೆ. ಇದು ತಿಳಿದದ್ದರಿಂದ ಏನೂ ಬದಲಾಗಲಿಲ್ಲ. ಗುರುತಿಲ್ಲದೆ ಹೋಲಿಕೆಯಿಲ್ಲ, ಹೋಲಿಕೆಯಿಲ್ಲದೆ ರಸ್ತೆಯಿಲ್ಲ. ಹೂವಿನ ಹಿಪ್ಪರಗಿಯಲ್ಲೂ ಕಲ್ಲು ನೆಟ್ಟೆ, ತಂಗಡಗಿಯಲ್ಲೂ ನೆಟ್ಟೆ. ಪ್ರತಿ ಊರಲ್ಲೂ, ಇದು ಬರೇ ಗುರುತು, ನಂಬಬೇಡಿ ಎಂದು ಬಿಡಿಸಿ ಹೇಳಿದೆ. ಪ್ರತಿ ಊರಲ್ಲೂ ಜನ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ಅವರೊಳಗೆ ಒಬ್ಬರಾದರೂ, ನನ್ನ ಮಾತು ಮುಗಿಯುವ ಮೊದಲೇ, ತಮ್ಮ ಬಾಗಿಲು ಯಾವ ಕಡೆ ಇಡಬೇಕೆಂದು ಲೆಕ್ಕ ಹಾಕುತ್ತ ನಿಂತಿರುತ್ತಿದ್ದರು.