ಬೆರಳು ಮುಚ್ಚಿಟ್ಟದ್ದು

ಖಟಖಟ, ಖಟಖಟ. ರಬಕವಿಯ ಆ ಓಣಿಯಲ್ಲಿ ಪವರ್‌ಲೂಮ್‌ಗಳ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ನಿಂತರೆ ಮಾತ್ರ ಕೇಳಿಸುತ್ತದೆ. ಮಗ್ಗ ನಿಂತಿತೆಂದರೆ ಉದ್ದದ ಎಳೆಗಳ ಹಾಸು ಮುಗಿದಿದೆ, ಅನಸವ್ವ ಬರಬೇಕು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು, ಅಂದರೆ ಕೆಚ್ಚುವುದು, ಅವಳ ಕೆಲಸ. ಬೆರಳಿಗೆ ಬೂದಿ ಹಚ್ಚಿಕೊಂಡು ಕುಳಿತರೆ ಸಾವಿರಾರು ಎಳೆ. ಮೂವತ್ತು ವರ್ಷದಿಂದ ಹೀಗೆಯೇ.

ಎರಡು ವರ್ಷದ ಹಿಂದೆ ಮನೆಯ ಬಾಗಿಲ ಚೌಕಟ್ಟು ಪದೇ ಪದೇ ಅವಳ ಬಲಭುಜಕ್ಕೆ ಬಡಿಯತೊಡಗಿತು. ಮಗಳು ಪ್ರತಿಮಾ ಡಾಕ್ಟರ್ ಪರಮಾನಂದರ ಬಳಿ ಕರೆದೊಯ್ದಳು. ಆ ಮನೆಯ ಜ್ವರ, ಕೆಮ್ಮು ಎಲ್ಲ ನೋಡಿದವರು ಅವರು. ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿ ಎಂದರು. ಅನಸವ್ವ ಸೆರಗಿನ ಅಂಚಿನಿಂದ ಎರಡು ಎಳೆ ಎಳೆದು, ಚಿಟಿಕೆಯಲ್ಲಿ ಹೊಸೆದು, ಅವರ ಮುಂದೆ ಹಿಡಿದಳು.

"ಕುರುಡಿ ಮಾಡೂ ಕೆಲಸೇನ್ರಿ ಇದು?"

ಡಾಕ್ಟರು ನಕ್ಕು, ಚಾಳೀಸಿನ ಕನ್ನಡಕ ಬರೆದುಕೊಟ್ಟರು.

ಈ ವರ್ಷ, 2013ರಲ್ಲಿ, ಅವರ ದವಾಖಾನೆಗೆ ಕಣ್ಣು ನೋಡುವ ಯಂತ್ರ ಬಂತು, ಅದಕ್ಕೊಂದು ಕ್ಯಾಮೆರಾ. ಪ್ರತಿಮಾ ಮತ್ತೆ ಕರೆತಂದಾಗ ಅನಸವ್ವ ಯಂತ್ರದ ಮೇಲೆ ಗದ್ದ ಇಟ್ಟು ಕುಳಿತಳು. ಎದುರಿನ ಪರದೆಯಲ್ಲಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ್ ಕಾಂಚನಾ. ಬಹಳ ಹೊತ್ತು ನೋಡಿದರು.

"ಗ್ಲಾಕೋಮಾ ಐತ್ರಿ ಅಮ್ಮಾ. ಬಲಗಣ್ಣು ಹೋಗೇತಿ, ಅದು ತಿರುಗಿ ಬರೂದಿಲ್ಲ. ಎಡಗಣ್ಣಾಗ ಕೊಳವಿ ಒಳಗಿಂದ ನೋಡಿದಷ್ಟ ಉಳದೈತಿ. ಈ ವಾರದಾಗ ಆಪರೇಶನ್ ಆದ್ರ ಅಷ್ಟರೇ ಉಳಿಸಬಹುದು." ಆಮೇಲೆ ದನಿ ತಗ್ಗಿಸಿ, "ಪರಮಾನಂದ ಸರ್, ಮೊದಲ ನಿಮಗ ತೋರಿಸಿರ್ಲಿಲ್ಲೇನು?"

"ತೋರಿಸಿದ್ರು." ಪರಮಾನಂದ ಯಂತ್ರದ ಮೇಲಿನ ಧೂಳು ಒರೆಸಿದರು. ಅಲ್ಲಿ ಧೂಳಿರಲಿಲ್ಲ. "ನಾನು ಬೆರಳು ನೋಡಿದೆ."

"ನಮ್ಮ ಡಾಕ್ಟರ್‌ನ ಬೈಬ್ಯಾಡ್ರಿ ಬಾಯಾರ," ಎಂದಳು ಅನಸವ್ವ ಪರದೆಗೆ. "ಬಲಕ್ಕ ಕತ್ತಲಾಗಿ ವರ್ಷಾತು. ಎಳಿ ಕೂಡಾಕತ್ತಿದ್ವು. ಅವು ಕೂಡೂ ತನಕ ಕಣ್ಣು ಛಲೋ ಅದಾವ ಅಂದ್ಕೊಂಡೆ."

"ಯವ್ವಾ, ನಾಳೆ ಮುಂಜಾನಿ ಬಸ್ಸಿಗೇ ಹೋಗೂಣು," ಎಂದಳು ಪ್ರತಿಮಾ.

ಅನಸವ್ವ ತಲೆಯೆತ್ತಿದಳು. ಓಣಿಯಲ್ಲಿ ಒಂದು ಮಗ್ಗ ನಿಂತಿತ್ತು.

"ಹುಲೆಪ್ಪನ ಮಗ್ಗ ಅದು. ಹಾಸು ಮುಗದೈತಿ."

"ಬ್ಯಾರೆದವರು ಕೆಚ್ಚತಾರ, ಕುಂಡರು ಬೇ."

"ಬ್ಯಾರೆ ಯಾರದಾರ ಹೇಳ?" ಅವಳು ಎದ್ದೇಬಿಟ್ಟಳು.

"ಅನಸವ್ವ, ಎಡಗಣ್ಣೂ ಹೋದ್ರ ನಾ ಏನೂ ಮಾಡಾಕ ಆಗೂದಿಲ್ಲ," ಎಂದರು ಪರಮಾನಂದ.

"ಚೀಟಿ ಬರದಿಡ್ರಿ, ಬರ್ತೇನಿ." ಬಲಭುಜ ದವಾಖಾನೆಯ ಚೌಕಟ್ಟಿಗೆ ಬಡಿಯಿತು. ಅವಳು ತಿರುಗಿ ನೋಡಲಿಲ್ಲ. ಹೊಸ್ತಿಲಾಚೆಯಿಂದ ದನಿಯಷ್ಟೇ ಬಂತು. "ಇದೊಂದ ಹಾಸು ಕೂಡಿಸಿ, ಕೈ ತೊಳಕೊಂಡು, ಸೀದಾ..." ಮುಂದಿನ ಮಾತು ಉಳಿದ ಮಗ್ಗಗಳ ಖಟಖಟದಲ್ಲಿ ಮುಳುಗಿತು.