ಒದ್ದೆಯಾಗದ ಪಂಚೆ

ಮೊನ್ನೆ ಕಾರವಾರದ ಪೇಟೆಯಲ್ಲಿ ಪ್ಯಾಂಟು ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ ಅದರ ಮೇಲೆ ಒಂದು ಲೋಟ ನೀರು ಸುರಿದಳು. ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ಉರುಳಿ ನನ್ನ ಚಪ್ಪಲಿಗೆ ಇಳಿಯಿತು. “ನೋಡಿ ಸರ್, ಒದ್ದೆ ಆಗ್ಲೇ ಇಲ್ಲ” ಎಂದಳು. ಅವಳು ಹೇಳಿದ್ದು ಪ್ಯಾಂಟಿನ ಮಾತು. ನಿಮಗೆ ನಗು ಬರಬಹುದು. ನನಗೆ ಅಜ್ಜನ ತಿಥಿ ನೆನಪಾಯಿತು.

ಅಂಕೋಲೆಯ ನಮ್ಮ ಮನೆಯಲ್ಲಿ ಒಂದು ನೇಮವಿತ್ತು. ತಿಥಿಯ ದಿನ ಅಪ್ಪ, ಅಜ್ಜನದೇ ಪಂಚೆಯನ್ನು ಒದ್ದೆ ಮಾಡಿ ಉಟ್ಟು ಎಡೆ ಇಡಬೇಕು. ಒಣಬಟ್ಟೆಯಲ್ಲಿ ಇಟ್ಟ ಎಡೆಯನ್ನು ಕಾಗೆ ಮುಟ್ಟುವುದಿಲ್ಲ, ಕಾಗೆ ಮುಟ್ಟದಿದ್ದರೆ ಅಜ್ಜ ವರ್ಷವಿಡೀ ಉಪವಾಸ ಎಂಬುದು ಅಜ್ಜಿಯ ನಂಬಿಕೆ. ಬದುಕಿದ್ದಾಗ ಊಟ ತುಸು ತಡವಾದರೂ ಕೇರಿಗೆಲ್ಲ ಕೇಳುವ ಹಾಗೆ ರಂಪ ಮಾಡುತ್ತಿದ್ದ ಮನುಷ್ಯ ಅವರು. ಅಜ್ಜಿಯ ಆತಂಕದಲ್ಲಿ ಅರ್ಥವಿತ್ತು.

ವರ್ಷ ವರ್ಷ ನೆನೆದು ಪಂಚೆ ಜೀರ್ಣವಾಗುತ್ತ ಬಂದಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಗಡಿಯ ಮಾಜಾಳಿಯಿಂದ ದಿನಾ ಗೋವೆಗೆ ಹೋಗಿಬರುತ್ತಿದ್ದ; ಬಟ್ಟೆಗೆ ಮದ್ದು ಹಾಕುವ ಕಾರ್ಖಾನೆಯಲ್ಲಿ ಕೆಲಸ. ಸುಕ್ಕಾಗದ ಅಂಗಿ, ಕಲೆ ಹಿಡಿಯದ ಮೇಜುಬಟ್ಟೆ, ಎಲ್ಲ ಅಲ್ಲಿಯ ಮಹಿಮೆ. ತಂದೆಯ ಪಂಚೆ ಉಳಿಯಲೆಂದು ಅವ ಯಾರಿಗೂ ಹೇಳದೆ ಒಯ್ದು, ಮದ್ದು ಹಾಕಿಸಿ, ತಿಥಿಯ ಬೆಳಿಗ್ಗೆ ತಂದಿಟ್ಟ.

“ಇನ್ನು ಇದು ಹಾಳಾಗೂದಿಲ್ಲ ಅವ್ವಾ. ನೀರೇ ಹಿಡೂದಿಲ್ಲ.”

ಅಜ್ಜಿ ಪಂಚೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ನೀರ ಹಿಡೂದಿಲ್ಲ ಅಂದ್ರೆ ಒದ್ದೆ ಮಾಡೂದು ಹೆಂಗೆ ತಮ್ಮಾ?”

ಅದನ್ನು ಕಾಕಾ ಯೋಚಿಸಿರಲಿಲ್ಲ. ಬಕೆಟ್ಟಿನಲ್ಲಿ ಅದ್ದಿದರೆ ಪಂಚೆ ತೇಲಿತು. ಅಮ್ಮ ಸೋಪು ಹಚ್ಚಿ ಕಲ್ಲಿಗೆ ಬಡಿದಳು. ಅಮ್ಮ ತೊಯ್ದು ತೊಪ್ಪೆಯಾದಳು, ಪಂಚೆ ಗರಿಗರಿಯಾಗಿಯೇ ಇತ್ತು.

“ಒಗೆದೂ ಒಗೆದೂ ಮಾಡಿದ್ರೆ ಮದ್ದು ಹೋಗ್ತದೆ” ಎಂದ ಕಾಕಾ, ಮುಖ ಸಣ್ಣ ಮಾಡಿಕೊಂಡು.

“ಅಷ್ಟೊತ್ತಿಗೆ ಮುಂದಿನ ತಿಥಿ ಬರ್ತದೆ” ಎಂದ ಅಪ್ಪ. ಕೊನೆಗೆ ಎಡೆಯನ್ನು ಹಿತ್ತಲಲ್ಲಿಟ್ಟು, ಪಂಚೆ ಉಟ್ಟು ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ತಲೆಯ ಮೇಲೆ ಕೊಡ ನೀರು ಸುರಿಸಿಕೊಂಡ. ಮೈಯಾದರೂ ಒದ್ದೆಯಾಗಲಿ ಎಂದು.

ಗೇರುಮರದಿಂದ ಕಾಗೆ ಇಳಿಯಿತು. ಎಡೆಯ ಸುತ್ತ ಕುಪ್ಪಳಿಸಿ, ಮುಖ ತಿರುಗಿಸಿತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಕಾ ತಲೆ ತಗ್ಗಿಸಿದ. ಆದರೆ ಕಾಗೆ ಹೋಗಲಿಲ್ಲ. ಅಪ್ಪನ ಮೊಣಕಾಲಿಗೆ ಹಾರಿ, ಮಡಿಲಲ್ಲಿ ಪಂಚೆ ಹಿಡಿದಿಟ್ಟಿದ್ದ ನೀರನ್ನು ಸಾವಕಾಶ ಕುಡಿಯಿತು. ಅಪ್ಪ ಉಸಿರೂ ಆಡಲಿಲ್ಲ. ಆಮೇಲೆ ಅದು ಎಡೆಗೆ ಹೋಗಿ ಬಾಯಿ ಹಾಕಿತು.

“ಅವರು ಊಟಕ್ಕೆ ಕೂತ್ರೆ ಮೊದ್ಲು ನೀರೇ ಕೇಳೂದು” ಎಂದಳು ಅಜ್ಜಿ, ಅಳುತ್ತ. “ಇಷ್ಟು ವರ್ಷ ನಾವು ಕೊಡ್ಲೇ ಇಲ್ಲ. ಚಲೋ ಮಾಡ್ದೆ ತಮ್ಮಾ.”

ಈಗ ಅಜ್ಜಿಯಿಲ್ಲ. ಅಪ್ಪನೂ ಕಾಗೆಯ ಪಂಗಡ ಸೇರಿದ್ದಾನೆ. ಪಂಚೆ ನನ್ನ ಪಾಲಿಗೆ ಬಂದಿದೆ, ಆದರೆ ಒಗೆದೊಗೆದು ಮದ್ದು ಹೋಗಿದೆ. ಅಪ್ಪನ ಕಳೆದ ತಿಥಿಗೆ ಮಡಿಲಲ್ಲಿ ಹನಿಯೂ ನಿಲ್ಲಲಿಲ್ಲ, ಕಾಗೆಗೆ ಕುಡಿಯಲು ಸಿಗಲಿಲ್ಲ. ಆ ದಿನ ನನಗೂ ಊಟ ಸೇರಲಿಲ್ಲ.

ಅಂಗಡಿಯಲ್ಲಿ ಪ್ಯಾಂಟು ಮಡಚಿಟ್ಟು ಕೇಳಿದೆ, “ಇದೇ ಬಟ್ಟೆದು ಪಂಚೆ ಉಂಟಾ?”

“ಪಂಚೆಗೆ ಇದು ಯಾಕೆ ಸರ್?”

“ನಮ್ಮಪ್ಪಂಗೆ” ಎಂದೆ. “ನೀರು ಕುಡಿಯೂಕೆ.”